ಫೋರ್‌ಮನ್ನರ ಸೈಕಲ್ಲು, ಟೀಚರಮ್ಮನ ಮೀಟರು

ನೀಲಗಿರಿ ಬೆಟ್ಟದಲ್ಲಿ ಸೈಕಲ್ ಅಂಗಡಿ ಇಟ್ಟವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನಾಗಿ ಹುಡುಕಿಕೊಂಡು ಹೋದದ್ದಿಲ್ಲ. ಪಂಕ್ಚರ್ ಹಾಕಿಸುವ ನೆಪದಲ್ಲಿ ಅವೇ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದವು.

ನನ್ನೂರು ಗುಂಡ್ಲುಪೇಟೆಯ ಪಕ್ಕ. ಅಂಗಡಿ ಇದ್ದದ್ದು ಅರವಂಕಾಡಿನಲ್ಲಿ, ಮನೆ ಕೂನೂರಿನಲ್ಲಿ. ಅಂಗಡಿ ಇಡುತ್ತೇನೆ ಅಂದಾಗ ನಮ್ಮ ಮಾವ, "ಆ ಬೆಟ್ಟದಲ್ಲಿ ಸೈಕಲ್ ಯಾರಪ್ಪ ತುಳೀತಾರೆ? ಏರಿನಲ್ಲಿ ಸೈಕಲ್ಲನ್ನ ಮನುಷ್ಯ ಹೊರಬೇಕು, ಇಳಿಜಾರಿನಲ್ಲಿ ಮನುಷ್ಯನ್ನ ದೇವರು ಹೊರಬೇಕು" ಅಂದಿದ್ದರು. ಅವರ ಮಾತು ಸುಳ್ಳಲ್ಲ. ಆದರೂ ಅರವಂಕಾಡಿನ ಸಿಡಿಮದ್ದಿನ ಫ್ಯಾಕ್ಟರಿಯ ಕ್ವಾರ್ಟರ್ಸ್ ಸುತ್ತಮುತ್ತ ಒಂದಿಷ್ಟು ಕಡಿಮೆ ಏರಿಳಿತದ ರಸ್ತೆಗಳಿದ್ದವು. ಅಲ್ಲಿ ಸೈಕಲ್ ಓಡುತ್ತಿತ್ತು, ನಮ್ಮ ಮನೆಯ ಒಲೆಯೂ ಉರಿಯುತ್ತಿತ್ತು. ನಾನು ಗಂಭೀರ ಸ್ವಭಾವದವನು. ಸುಮ್ಮಸುಮ್ಮನೆ ನಗುವವರನ್ನು ಕಂಡರೆ ನನಗೆ ಮೊದಲು ಅನುಮಾನ ಬರುತ್ತದೆ. ಹಾಗಾಗಿ ಇದನ್ನು ಓದಿ ಯಾರಿಗಾದರೂ ನಗು ಬಂದರೆ ಅದಕ್ಕೆ ನಾನು ಹೊಣೆಯಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರೊಬ್ಬರು ನನ್ನ ಹಳೇ ಗಿರಾಕಿ. ಅವರ ಹೆಂಡತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಊರಿಗೆಲ್ಲ ಟೀಚರಮ್ಮ. ಇಬ್ಬರೂ ಕೋತಗಿರಿ ಕಡೆಯ ಹಟ್ಟಿಗಳಿಂದ ಬಂದ ಬಡಗರು. ಅವರ ಮನೆಮಾತು ನಮ್ಮ ಕನ್ನಡಕ್ಕೆ ದೊಡ್ಡಮ್ಮನ ಮಗಳಿದ್ದ ಹಾಗೆ, ಮುಖ ನೋಡಿದರೆ ಗುರುತು ಸಿಗುತ್ತದೆ, ಮಾತಿಗೆ ಕೂತರೆ ಸ್ವಲ್ಪ ತಡವರಿಸಬೇಕಾಗುತ್ತದೆ. ನನ್ನ ಜೊತೆ ಅವರು ಕನ್ನಡಕ್ಕೆ ಒಂದಷ್ಟು ತಮಿಳು ಸೇರಿಸಿ ಮಾತಾಡುತ್ತಿದ್ದರು, ನನ್ನನ್ನು ತಂಬಿ ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ನಿವೃತ್ತಿಯಾದ ಸ್ವಲ್ಪ ದಿನಕ್ಕೇ ಫೋರ್‌ಮನ್ನರಿಗೆ ಹೃದಯಾಘಾತ ಆಯಿತು. ಬದುಕಿ ಬಂದರು. ಸೈಕಲ್ ಬಿಟ್ಟಿರಲಾರೆ ಅಂದರು. ಅರವಂಕಾಡಿನ ಡಾಕ್ಟರಮ್ಮ ಯೋಚನೆ ಮಾಡಿ, "ಮಟ್ಟ ರಸ್ತೆಯಲ್ಲಿ ನಿಧಾನವಾಗಿ ತುಳಿಯಬಹುದು. ಏರು ಬಂದರೆ ಇಳಿದು ತಳ್ಳಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬರಬೇಕು" ಅಂದರು. ಫೋರ್‌ಮನ್ನರು ಆಗಲಿ ಅಂದರು. ಅವರು ಆಗಲಿ ಅಂದದ್ದನ್ನು ಟೀಚರಮ್ಮ ನಂಬಲಿಲ್ಲ.

ಟೀಚರಮ್ಮನ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ಹೇಳಿ ಯಾವುದೋ ಹೊರದೇಶದ ಬಂದರಿನಿಂದ ಒಂದು ಸೈಕಲ್ ಕಂಪ್ಯೂಟರ್ ತರಿಸಿಕೊಂಡರು. ಎಷ್ಟು ದೂರ ಹೋದರು, ಎಷ್ಟು ಜೋರಾಗಿ ಹೋದರು ಎಲ್ಲ ಅದರಲ್ಲಿ ಕಾಣುತ್ತದಂತೆ. ಅದನ್ನು ನನ್ನ ಮುಂದಿಟ್ಟು, "ಇದನ್ನ ಹಾಕಿಕೊಡು ತಂಬಿ. ಸಾಯಂಕಾಲ ಸಾಯಂಕಾಲ ನಾನು ನೋಡಬೇಕು" ಅಂದರು.

ಅಲ್ಲಿಂದ ಶುರುವಾಯಿತು.

ಮಟ್ಟ ನೆಲ

ಕಂಪ್ಯೂಟರ್ ಅಂದರೆ ಟೀವಿಯಷ್ಟು ದೊಡ್ಡದು ಅಂದುಕೊಂಡು ನೋಡಲು ಬಂದಿದ್ದ ಮಂದಿ, ಬೆಂಕಿಪೊಟ್ಟಣದಷ್ಟಿದ್ದ ಆ ಡಬ್ಬಿ ಕಂಡು ಬೇಜಾರಾಗಿ ಹೋದರು. ನಾವು ಅದನ್ನು ಮೀಟರ್ ಅಂತಲೇ ಕರೆದೆವು. ಕೆಲಸ ಸುಲಭ. ಮುಂದಿನ ಚಕ್ರದ ಒಂದು ಕಡ್ಡಿಗೆ ಸಣ್ಣ ಅಯಸ್ಕಾಂತ, ಅದರ ಎದುರಿಗೆ ಫೋರ್ಕಿಗೆ ಇನ್ನೊಂದು ತುಣುಕು, ಅಲ್ಲಿಂದ ಹ್ಯಾಂಡಲಿಗೆ ವೈರು. ಅಯಸ್ಕಾಂತ ಒಂದು ಸಲ ಹಾದುಹೋದರೆ ಚಕ್ರ ಒಂದು ಸುತ್ತು ಉರುಳಿತು ಅಂತ ಲೆಕ್ಕ. ಆದರೆ ಒಂದು ಸುತ್ತಿಗೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಅನ್ನುವುದನ್ನು ಅಳೆದು ನಾವೇ ಹೇಳಬೇಕು. ಅದೂ ಸವಾರ ಮೇಲೆ ಕೂತಿರಬೇಕು, ನೆಲ ಮಟ್ಟವಾಗಿರಬೇಕು.

ನೆಲ ಮಟ್ಟವಾಗಿರಬೇಕು ಅಂತ ಬರೆದ ಪುಣ್ಯಾತ್ಮ ಅರವಂಕಾಡು ನೋಡಿದವನಲ್ಲ. ನನ್ನ ಅಂಗಡಿಯಲ್ಲಿ ಸ್ಪ್ಯಾನರ್ ಕೆಳಗಿಟ್ಟರೆ ಬಾಗಿಲಿಗೆ ಜಾರಿಕೊಂಡು ಹೋಗುತ್ತಿತ್ತು. ಹುಡುಕಿ ಹುಡುಕಿ ಕೊನೆಗೆ ಕಲ್ಯಾಣ ಮಂಟಪದ ಒಳಗಿನ ನೆಲವೇ ಸರಿ ಅಂತ ಮೂವರೂ ಹೋದೆವು. ಮಾರನೆಯ ದಿನದ ಮದುವೆಗೆ ಬಾಳೆಕಂಬ ಕಟ್ಟುತ್ತಿದ್ದರು. ಕಾವಲುಗಾರ ಫೋರ್‌ಮನ್ನರ ಪರಿಚಯದವನು, ಬಿಟ್ಟ.

ತಲೆಗೆ ಮಫ್ಲರ್ ಸುತ್ತಿದ ಫೋರ್‌ಮನ್ನರು ಸೈಕಲ್ ಮೇಲೆ ನೆಟ್ಟಗೆ ಕೂತರು. ಮುಂದೆ ಹ್ಯಾಂಡಲ್ ನಾನು ಹಿಡಿದೆ, ಬೀಳದ ಹಾಗೆ ಹಿಂದಿನಿಂದ ಟೀಚರಮ್ಮ ಹಿಡಿದರು. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಮಾಡಿ, ಒಂದು ಸುತ್ತು ಉರುಳುವಷ್ಟು ಮೆಲ್ಲಗೆ ತಳ್ಳಿ, ನಿಂತು, ಮತ್ತೆ ಗೆರೆ ಎಳೆದೆ. ಗಂಡಿನ ಕಡೆಯ ಒಬ್ಬ ಅಜ್ಜ ಬಾಳೆಕಂಬ ಬಿಟ್ಟು ಹತ್ತಿರ ಬಂದು ನಿಂತರು.

"ಇದು ಯಾವ ಶಾಸ್ತ್ರ?" ಅಂತ ಕೇಳಿದರು.

"ಅಳತೆ ಶಾಸ್ತ್ರ" ಅಂದರು ಫೋರ್‌ಮನ್ನರು.

"ಒಂದು ಸಲ ಮಾಡಿದರೆ ಸಾಕಾ?"

"ಮೂರು ಸಲ ಮಾಡಿದರೇನೇ ಸರಿ" ಅಂದೆ ನಾನು. ತಪ್ಪಾಗಬಾರದಲ್ಲ ಅಂತ ಹೇಳಿದ್ದು.

ಆಮೇಲೆ ಕಾವಲುಗಾರ ಹೇಳಿದ. ಮಾರನೆಯ ದಿನ ಮದುಮಗನನ್ನು ಮಾವನ ಮನೆಯವರು ಕೊಟ್ಟ ಹೊಸ ಸ್ಕೂಟರ್ ಮೇಲೆ ಕೂರಿಸಿ, ಎಂಜಿನ್ ಹಚ್ಚದೆ, ಮುಂದೊಬ್ಬರು ಹಿಂದೊಬ್ಬರು ಹಿಡಿದು ಮಂಟಪದಲ್ಲಿ ಮೂರು ಸಲ ತಳ್ಳಿದರಂತೆ. ನಾನು ಎಳೆದಿದ್ದ ಗೆರೆಗಳಿಗೆ ಅರಿಶಿನ ಕುಂಕುಮ ಹಾಕಿದ್ದರಂತೆ.

ಏಕವಚನ

ಮೀಟರ್ ಹಾಕಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಟೀಚರಮ್ಮ ಒಬ್ಬರೇ ಬಂದರು. ಮುಖ ಸಪ್ಪಗಿತ್ತು. ಮೀಟರನ್ನು ಹ್ಯಾಂಡಲಿನಿಂದ ಕಿತ್ತು ಕೈಯಲ್ಲಿ ತಂದಿದ್ದರು. ಹಾಗೆ ಕೀಳಲು ಬರುತ್ತದೆ. ಸೈಕಲ್ ಎಲ್ಲಿ ನಿಲ್ಲಿಸಿದರೂ ಮೀಟರ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ.

"ತಂಬಿ, ಇದು ಒಳ್ಳೆಯದಲ್ಲ. ಬೇರೆ ಯಾವುದಾದರೂ ಇದೆಯಾ ನೋಡು" ಅಂದರು.

"ಯಾಕಕ್ಕ, ಓಡ್ತಾ ಇಲ್ವಾ?"

"ಅದು ಓಡೋದಿರಲಿ. ಅವರನ್ನ ಓಡಿಸ್ತಾ ಇದೆ. ಈ ಗುಂಡಿ ಒತ್ತು. ಓದು."

ಒತ್ತಿದೆ. ಸಂಖ್ಯೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬಂತು. ಓ, ಡಿ, ಓ.

"ಸೇರಿಸಿ ಓದು" ಅಂದರು ಟೀಚರಮ್ಮ, ಒಂದನೇ ಕ್ಲಾಸಿನವನಿಗೆ ಹೇಳುವ ಹಾಗೆ.

ಸೇರಿಸಿ ಓದಿದೆ. ಓಡೋ.

"ಹೃದಯದ ಕಾಯಿಲೆ ಇರೋ ಮನುಷ್ಯ. ಮೆಲ್ಲಗೆ ಹೋಗಿ ಅಂತ ನಾನು ಬೆಳಿಗ್ಗೆಯಿಂದ ಬಾಯಿ ಬಡಕೊಳ್ತೀನಿ. ಇದು ಕಣ್ಣೆದುರಿಗೆ ಕೂತು ಓಡೋ ಓಡೋ ಅಂತ ಹೇಳ್ತಾ ಇದ್ರೆ ಅವರು ಯಾರ ಮಾತು ಕೇಳ್ತಾರೆ?"

ಅದು ಮೀಟರ್ ಹಾಕಿದಂದಿನಿಂದ ಇಲ್ಲಿಯವರೆಗೆ ಒಟ್ಟು ಹೋದ ದೂರ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಹಾಗೆ ಬರೆಯುತ್ತಾರೆ ಅಂತ ಬಿಡಿಸಿ ಹೇಳಿದೆ. ಅರ್ಧ ಒಪ್ಪಿದರು. ಅಷ್ಟರಲ್ಲಿ ಫೋರ್‌ಮನ್ನರೂ ಹುಡುಕಿಕೊಂಡು ಬಂದರು. ಅವರಿಗೆ ಬೇರೆಯೇ ನೋವಿತ್ತು.

"ಓಡು ಅನ್ನಲಿ ತಂಬಿ, ಅದಕ್ಕೆ ಬೇಜಾರಿಲ್ಲ. ನನ್ನ ಇಷ್ಟು ಸರ್ವೀಸಿನಲ್ಲಿ ದೊಡ್ಡ ಸಾಹೇಬರು ಕೂಡ ನನ್ನನ್ನ ಏಕವಚನದಲ್ಲಿ ಕರೆದಿಲ್ಲ. ಇದನ್ನ ಓಡಿ ಅಂತ ಮಾಡೋಕೆ ಬರುತ್ತಾ?"

ಸಂಪರ್ಕ ದೋಷ

ಟೀಚರಮ್ಮನ ಪದ್ಧತಿ ಹೀಗಿತ್ತು. ಬೆಳಿಗ್ಗೆ ಮೀಟರನ್ನು ಸೊನ್ನೆಗೆ ತರುವುದು, ಸಾಯಂಕಾಲ ಅಂಗಳದಲ್ಲಿ ನಿಂತು ಮೂರು ಅಂಕಿ ನೋಡುವುದು: ಒಟ್ಟು ದೂರ, ಸರಾಸರಿ ವೇಗ, ಅತಿ ಹೆಚ್ಚು ವೇಗ. ಕೊನೆಯದು ಜಾಸ್ತಿಯಿದ್ದರೆ ಆ ರಾತ್ರಿ ಫೋರ್‌ಮನ್ನರಿಗೆ ಊಟಕ್ಕಿಂತ ಮೊದಲು ಬೈಗುಳ ಬಡಿಸುತ್ತಿದ್ದರು.

ಇದ್ದಕ್ಕಿದ್ದ ಹಾಗೆ ಮೀಟರ್ ಕೆಡತೊಡಗಿತು. ಮನೆಯಿಂದ ಹೊರಡುವಾಗ ಸರಿಯಾಗಿರುತ್ತದೆ, ವಾಪಸ್ಸು ಬರುವಾಗ ಅಂಕಿ ಮುಂದಕ್ಕೇ ಹೋಗುವುದಿಲ್ಲ. ಇಬ್ಬರೂ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದರು. ಬ್ಯಾಟರಿ ನೋಡಿದೆ, ಚೆನ್ನಾಗಿತ್ತು. ವೈರ್ ನೋಡಿದೆ, ಎಲ್ಲೂ ತುಂಡಾಗಿರಲಿಲ್ಲ. ಅಯಸ್ಕಾಂತ ಜರುಗಿದೆಯಾ ನೋಡಿದೆ, ಜರುಗಿರಲಿಲ್ಲ.

"ಮಂಜು ಹೊಕ್ಕಿರಬೇಕು" ಅಂದರು ಫೋರ್‌ಮನ್ನರು.

"ಮಂಜು ಎಲ್ಲರ ಮನೇಲೂ ಇದೆ" ಅಂದರು ಟೀಚರಮ್ಮ.

ಉಳಿದದ್ದು ಮೀಟರ್ ಕೂರುವ ಜಾಗ. ಅಲ್ಲಿ ಸಾಸಿವೆಯಷ್ಟು ಎರಡು ಹಿತ್ತಾಳೆ ಚುಕ್ಕೆಗಳಿರುತ್ತವೆ. ಅವು ಮೀಟರಿನ ತಳಕ್ಕೆ ತಾಗಿದರೆ ಮಾತ್ರ ಲೆಕ್ಕ ಹತ್ತುತ್ತದೆ. ಆ ಚುಕ್ಕೆಗಳ ಮೇಲೆ ಎಂಥದೋ ಹೊಂಬಣ್ಣದ ಪದರು ಪದರು ಪುಡಿ, ಅದರ ಸುತ್ತ ಜಿಡ್ಡು. ಸೂಜಿಯಿಂದ ಕೆರೆದು ಬಿಳಿ ಕಾಗದದ ಮೇಲೆ ಉದುರಿಸಿದೆ. ಒಳಗಿನಿಂದ ಒಂದು ಇರುವೆಯೂ ಬಂತು, ತನ್ನ ಪಾಲು ಕಚ್ಚಿಕೊಂಡು.

"ಏನು ತಂಬಿ ಇದು, ಮಣ್ಣಾ?" ಅಂದರು ಟೀಚರಮ್ಮ.

ನಾನು ಫೋರ್‌ಮನ್ನರ ಮುಖ ನೋಡಿದೆ. ಅವರು ಎದುರಿನ ಬೆಟ್ಟದಲ್ಲಿ ಏನೋ ಹೊಸದು ಕಂಡವರ ಹಾಗೆ ನೋಡುತ್ತಿದ್ದರು. ಟೀಚರಮ್ಮ ಕಾಗದ ಎತ್ತಿ ಮೂಸಿದರು. ಊಟಿ ವರ್ಕಿಯ ವಾಸನೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡಾಲ್ಡಾ ಸುರಿದು ಬೇಯಿಸುವ ಆ ತಿಂಡಿಯನ್ನು ಫೋರ್‌ಮನ್ನರು ಆಸ್ಪತ್ರೆಯಿಂದ ಬಂದ ದಿನವೇ ಡಾಕ್ಟರಮ್ಮ ನಿಲ್ಲಿಸಿದ್ದರು. ಇವರು ನೋಡಿದರೆ ಬೇಕರಿಯ ಮುಂದೆ ಸೈಕಲ್ ನಿಲ್ಲಿಸಿ, ಮೀಟರನ್ನು ಹೇಳಿದ ಹಾಗೆ ಕಿತ್ತು ಜೇಬಿಗೆ ಹಾಕಿಕೊಂಡು, ಖಾಲಿಯಾದ ಆ ಜಾಗದ ಮೇಲೇ ಪೊಟ್ಟಣ ಬಿಚ್ಚಿಟ್ಟುಕೊಂಡು ತಿನ್ನುತ್ತಿದ್ದರು.

ನಾನು ಚುಕ್ಕೆಗಳನ್ನು ಒರೆಸಿ, "ರಿಪೇರಿ ಆಯ್ತು ಅಕ್ಕ, ಇನ್ನು ಕೆಡಲ್ಲ" ಅಂದೆ.

"ಅದು ಕೆಟ್ಟಿರಲಿಲ್ಲ ತಂಬಿ. ಹೇಳಬೇಕಾದ್ದನ್ನ ಸರಿಯಾಗಿಯೇ ಹೇಳಿದೆ" ಅಂದರು ಟೀಚರಮ್ಮ.

ಇಬ್ಬರ ಗುಟ್ಟು

ಅದಾದ ಮೇಲೆ ಒಂದು ಮಧ್ಯಾಹ್ನ ಫೋರ್‌ಮನ್ನರು ಬಂದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಅಂತ ನೋಡಿಕೊಂಡು, ಬೆಂಚಿನ ತುದಿಯಲ್ಲಿ ಕೂತರು. ಗಾಬರಿಯಾದರೆ ಅವರ ಬಾಯಲ್ಲಿ ಬಡಗ ಬರುತ್ತಿತ್ತು.

"ತಂಬಿ, ಎನಗ ಒಂದು ಉಪಕಾರ ಆಗಬೇಕು. ಅವತ್ತು ಮಂಟಪದಲ್ಲಿ ಅಳತೆ ಮಾಡಿ ಹಾಕಿದೆಯಲ್ಲ ಚಕ್ರದ ಸುತ್ತಳತೆ, ಅದನ್ನ ಸ್ವಲ್ಪ ಕಡಿಮೆ ಮಾಡು. ಆಗ ವೇಗಾನೂ ಕಡಿಮೆ ತೋರಿಸುತ್ತೆ ತಾನೆ? ಇಳಿಜಾರಿನಲ್ಲಿ ಒಂದೊಂದು ಸಲ ಬ್ರೇಕ್ ಬಿಟ್ಟುಬಿಡ್ತೀನಿ. ಇಲ್ಲ ಅನ್ನಲ್ಲ. ಮುಖಕ್ಕೆ ಗಾಳಿ ಹೊಡೆದರೆ ಬದುಕಿದೀನಿ ಅನ್ನಿಸುತ್ತೆ. ಆದರೆ ಆ ಅಂಕಿ ನೋಡಿ ಅವಳು ತಟ್ಟೆ ಮುಂದೆ ಕೂತು ಊಟಾನೇ ಮಾಡಲ್ಲ, ಅದನ್ನ ನನಗೆ ನೋಡೋಕಾಗಲ್ಲ."

ನ್ಯಾಯವಾಗಿಯೇ ಇದೆ ಅನ್ನಿಸಿತು. ಕಡಿಮೆ ಮಾಡಿದೆ.

ಒಂದು ವಾರ ಕಳೆದಿರಬೇಕು, ಬೀನ್ಸ್ ಕ್ಯಾರೆಟ್ ತುಂಬಿದ ಚೀಲ ಹಿಡಿದು ಟೀಚರಮ್ಮ ಬಂದರು. ಸೈಕಲ್ಲಿಗೆ ಗಾಳಿ ಹೊಡೆಸಲು ತಂದಿದ್ದೇನೆ ಅಂದರು. ಗಾಳಿ ಸರಿಯಾಗಿಯೇ ಇತ್ತು.

"ತಂಬಿ, ಅವರಿಗೆ ಹೇಳಬೇಡ. ಈ ಮೀಟರ್ ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಮಾಡೋಕೆ ಬರುತ್ತಾ? ಇಷ್ಟು ಜೋರಾಗಿ ಬಂದೆನಾ ಅಂತ ಅವರಿಗೇ ಭಯ ಆಗಬೇಕು. ಇಷ್ಟು ದೂರ ಆಯ್ತಲ್ಲ, ಸಾಕು ಅಂತ ಬೇಗ ಮನೆಗೆ ಬರಬೇಕು." ಆಮೇಲೆ ಚೀಲದ ಕಡೆ ನೋಡುತ್ತಾ, "ಅವರಿಲ್ಲದ ಮನೇಲಿ ನಾನು ಒಬ್ಬಳೇ ಇರೋಕಾಗಲ್ಲ. ಬಾಗಿಲಲ್ಲಿ ಸೈಕಲ್ ಬೆಲ್ಲಿನ ಸದ್ದು ಕೇಳೋವರೆಗೂ ಒಲೆ ಮೇಲೆ ಏನಿಟ್ಟಿದೀನಿ ಅನ್ನೋದೇ ನೆನಪಿರಲ್ಲ" ಅಂದರು.

ಇದೂ ನ್ಯಾಯವೇ. ಜಾಸ್ತಿ ಮಾಡಿದೆ.

ಹೀಗೇ ನಡೆಯಿತು. ಅವರು ಬಂದು ಇಳಿಸು ಅನ್ನುವುದು, ಇವರು ಬಂದು ಏರಿಸು ಅನ್ನುವುದು. ನಾನು ವ್ಯಾಪಾರಿ, ಇಬ್ಬರೂ ಗಿರಾಕಿಗಳು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳುವುದು ನಮ್ಮ ವಂಶದಲ್ಲಿಲ್ಲ. ಮಳೆಗಾಲದ ಹೊತ್ತಿಗೆ ಇಬ್ಬರೂ ಬರುವುದು ನಿಂತಿತು. ದಾರಿಯಲ್ಲಿ ಸಿಕ್ಕಾಗ ಫೋರ್‌ಮನ್ನರು ಬಗ್ಗಿ, "ತಂಬಿ, ಮೀಟರ್ ಈಗ ಸರಿಯಾಗಿ ಸುಳ್ಳು ಹೇಳ್ತಿದೆ" ಅಂದರು. ಅದೇ ವಾರ ಟೀಚರಮ್ಮನೂ ಅದೇ ಮಾತನ್ನು ಹೇಳಿದರು. ಕುತೂಹಲಕ್ಕೆ ಒಂದು ದಿನ ತೆಗೆದು ನೋಡಿದೆ. ಏರಿಸಿ ಇಳಿಸಿ, ಏರಿಸಿ ಇಳಿಸಿ, ಸುತ್ತಳತೆ ಮಂಟಪದಲ್ಲಿ ಅಳೆದ ಅಂಕಿಗೇ ಬಂದು ನಿಂತಿತ್ತು.

ಸರಾಸರಿ

ಬೆಟ್ಟದ ಕಡೆ ಐಪಸಿ ಮಳೆ ಅನ್ನುತ್ತಾರೆ, ದೀಪಾವಳಿ ಆಸುಪಾಸಿನ ಮಳೆ. ಆ ವರ್ಷ ಅದು ಹಿಡಿದದ್ದು ಬಿಡಲಿಲ್ಲ. ಒಂದು ಬೆಳಿಗ್ಗೆ ಕೂನೂರು ರಸ್ತೆಯಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತು. ನಾನು ಅಂಗಡಿಗೆ ಹೋಗಲಾಗದೆ ಕೂನೂರಿನಲ್ಲೇ ಉಳಿದೆ. ಆ ದಿನ ಅರವಂಕಾಡಿನಲ್ಲಿ ನಡೆದದ್ದನ್ನು ಆಮೇಲೆ ಡಾಕ್ಟರಮ್ಮನ ಬಾಯಿಂದ ಕೇಳಿದೆ.

ಟೀಚರಮ್ಮನಿಗೆ ಉಬ್ಬಸ ಇತ್ತು. ಗಂಡನ ಎದೆಯ ಚಿಂತೆಯಲ್ಲಿ ತಮ್ಮ ಎದೆಯನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಬೆಳಿಗ್ಗೆ ಉಸಿರು ಸಿಕ್ಕಿಕೊಂಡಿತು. ಮಾತು ನಿಂತಿತು, ತುಟಿ ನೀಲಿಯಾಯಿತು. ಮನೆಯ ಫೋನ್ ಸತ್ತಿತ್ತು. ಅಕ್ಕಪಕ್ಕದಲ್ಲಿ ಗಾಡಿ ಇದ್ದವರೆಲ್ಲ ಶಿಫ್ಟಿಗೆ ಹೋಗಿದ್ದರು. ಡಾಕ್ಟರಮ್ಮನ ಕ್ಲಿನಿಕ್ ಇದ್ದದ್ದು ಮೇಲೆ, ಬಸ್ ನಿಲ್ದಾಣದ ಹತ್ತಿರ. ಮನೆಯಿಂದ ಹಳ್ಳದ ಸೇತುವೆಯವರೆಗೆ ಇಳಿಜಾರು, ಅಲ್ಲಿಂದ ಕ್ಲಿನಿಕ್ಕಿನ ಬಾಗಿಲವರೆಗೂ ಏರು. ಪಕ್ಕದ ಮನೆಯ ಹೆಂಗಸನ್ನು ಹೆಂಡತಿಯ ಬಳಿ ಕೂರಿಸಿ ಫೋರ್‌ಮನ್ನರು ಸೈಕಲ್ ತೆಗೆದುಕೊಂಡು ಹೊರಟರು.

ಏರಿನ ನಡುವೆ ಒಂದು ಕರ್ಪೂರ ಮರ ಅಡ್ಡ ಬಿದ್ದಿತ್ತು. ಕನ್ನಡದವರೆಲ್ಲ ನೀಲಗಿರಿ ಮರ ಅನ್ನುವುದನ್ನು ನೀಲಗಿರಿಯವರು ಹಾಗೆ ಕರೆಯುತ್ತಾರೆ. ಅದರ ಕೆಳಗೆ ಸೈಕಲ್ಲನ್ನು ಮಲಗಿಸಿ ಎಳೆದುಕೊಂಡು ಆಚೆ ದಾಟಿದರು. ಕ್ಲಿನಿಕ್ಕಿಗೆ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಮೀಟರನ್ನು ಕಿತ್ತು ಸ್ವೆಟರ್ ಜೇಬಿಗೆ ಹಾಕಿಕೊಂಡು, ಆಮೇಲೆ ವಿಷಯ ಹೇಳಿದರಂತೆ. ಡಾಕ್ಟರಮ್ಮ ಜೀಪಿನಲ್ಲಿ ಮರದವರೆಗೆ ಬಂದು, ಉಳಿದ ದಾರಿ ಇಂಜೆಕ್ಷನ್ ಡಬ್ಬಿ ಹಿಡಿದು ನಡೆದರು. ಸಮಯಕ್ಕೆ ಬಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ ಅಂತ ನನಗೆ ಅವರೇ ಹೇಳಿದರು. ಮಧ್ಯಾಹ್ನ ರಸ್ತೆ ತೆರೆದ ಮೇಲೆ ಟೀಚರಮ್ಮನನ್ನು ಕೂನೂರಿನ ಆಸ್ಪತ್ರೆಗೆ ತಂದು ಸೇರಿಸಿದರು.

ಮಾರನೆಯ ದಿನ ನಾನು ನೋಡಲು ಹೋದೆ. ಟೀಚರಮ್ಮ ದಿಂಬಿಗೆ ಒರಗಿ ಕೂತಿದ್ದರು. ಮುಖ ಇಳಿದುಹೋಗಿತ್ತು, ಆದರೆ ಮಾತು ಬಂದಿತ್ತು. ಫೋರ್‌ಮನ್ನರು ಪಕ್ಕದ ಸ್ಟೂಲಿನ ಮೇಲೆ ಅದೇ ಸ್ವೆಟರಿನಲ್ಲಿ ಕೂತಿದ್ದರು. ಅವರಿಬ್ಬರನ್ನೂ ಜೀವಂತವಾಗಿ ಒಟ್ಟಿಗೆ ಕಣ್ಣಾರೆ ನೋಡಿ, ತಂದಿದ್ದ ಮೂಸಂಬಿ ಚೀಲವನ್ನು ಮಂಚದ ಮೇಲಿಟ್ಟೆ.

ಟೀಚರಮ್ಮ ಗಂಡನ ಕಡೆ ಕೈ ಚಾಚಿದರು. "ಎಲ್ಲಿ, ಕೊಡಿ" ಅಂದರು.

ಫೋರ್‌ಮನ್ನರು ಜೇಬಿನಿಂದ ಮೀಟರ್ ತೆಗೆದುಕೊಟ್ಟರು. ಆ ಸವಾರಿಯ ನಂತರ ಅದನ್ನು ಯಾರೂ ಸೊನ್ನೆ ಮಾಡಿರಲಿಲ್ಲ. ಟೀಚರಮ್ಮ ಗುಂಡಿ ಒತ್ತಿ, ಕಣ್ಣು ಕಿರಿದು ಮಾಡಿ ಓದಿದರು. ಇನ್ನೊಂದು ಸಲ ಓದಿದರು. ನನ್ನ ಕಡೆ ತಿರುಗಿಸಿ, "ಸರಾಸರಿ ತಾನೆ ಇದು?" ಅಂದರು.

"ಹೌದಕ್ಕ."

"ಐದು." ಮೀಟರನ್ನು ಮಡಿಲಲ್ಲಿಟ್ಟುಕೊಂಡರು. "ಇಷ್ಟು ದಿನ ಇದರಲ್ಲಿ ಹದಿನೈದು ನೋಡಿ ಬೈದಿದೀನಿ, ಹದಿನೆಂಟು ನೋಡಿ ಅತ್ತಿದೀನಿ. ಹೆಂಡತಿ ಉಸಿರು ನಿಂತು ಬಿದ್ದಿರೋ ದಿನ ಗಂಟೆಗೆ ಐದು ಕಿಲೋಮೀಟರಾ?"

ಫೋರ್‌ಮನ್ನರು ತಲೆ ತಗ್ಗಿಸಿದರು. "ಏರು ಪೂರ್ತಿ ಇಳಿದು ತಳ್ಳಿಕೊಂಡು ಹೋದೆ" ಅಂದರು. "ತುಳಿಯೋಣ ಅಂತ ಕಾಲು ಎತ್ತಿದೆ. ಆಮೇಲೆ, ನಾನು ದಾರಿಯಲ್ಲೇ ಬಿದ್ದುಬಿಟ್ಟರೆ ಡಾಕ್ಟರಮ್ಮನಿಗೆ ಹೇಳೋರು ಯಾರು ಅನ್ನಿಸಿತು. ಎದೆ ಹಿಡಿದುಕೊಂಡಾಗೆಲ್ಲ ನಿಂತೆ. ನಿಂತು ನಿಂತು ಹೋದೆ."

ವಾರ್ಡಿನಲ್ಲಿ ಯಾರೋ ಕೆಮ್ಮಿದರು. ಟೀಚರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಮೂಸಂಬಿ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಇಟ್ಟೆ.

"ತಳ್ಳಿಕೊಂಡೇ ಹೋಗೋದಾದ್ರೆ ಸೈಕಲ್ ಯಾಕೆ ತಗೊಂಡು ಹೋದ್ರಿ? ನಡೆದೇ ಹೋಗಬಹುದಿತ್ತಲ್ಲ" ಅಂದರು ಟೀಚರಮ್ಮ, ಈಗ ಮೆತ್ತಗೆ.

"ಸೇತುವೆಯವರೆಗೂ ಇಳಿಜಾರಲ್ವಾ" ಅಂದರು ಫೋರ್‌ಮನ್ನರು.

ಅಂದ ಮೇಲೆ ಅವರಿಗೆ ತಾನು ಏನಂದೆ ಅಂತ ಹೊಳೆಯಿತು. ಅಷ್ಟರಲ್ಲಿ ಟೀಚರಮ್ಮನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅತಿ ಹೆಚ್ಚು ವೇಗ: ನಲವತ್ತೊಂದು. ಮಳೆಯಲ್ಲಿ, ಕಲ್ಲು ಮಣ್ಣು ಹರಿದು ಬಂದ ಆ ದಾರಿಯಲ್ಲಿ, ಆ ವಯಸ್ಸಿನಲ್ಲಿ, ಆ ಎದೆ ಹೊತ್ತುಕೊಂಡು. ಬ್ರೇಕಿನ ಮೇಲೆ ಒಂದು ಬೆರಳೂ ಇಟ್ಟಿರಲಾರರು.

ಟೀಚರಮ್ಮ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಫೋರ್‌ಮನ್ನರೂ ಸಿದ್ಧರಾಗಿ ಕೂತರು. ಟೀಚರಮ್ಮ ಬೈಯಲಿಲ್ಲ. ಮೀಟರನ್ನು ಸೆರಗಿನ ತುದಿಯಿಂದ ಒರೆಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು.

"ಇದನ್ನ ಜೋಪಾನವಾಗಿ ಇಟ್ಟಿರು ತಂಬಿ. ಆ ಅಂಕಿ ಅಳಿಸಬೇಡ" ಅಂದರು. "ಡಾಕ್ಟರು ಈಗ ಜೋರಾಗಿ ಮಾತಾಡಬಾರದು ಅಂದಿದಾರೆ. ಮನೆಗೆ ಹೋದ ಮೇಲೆ ವಿಚಾರಿಸಿಕೊಳ್ತೀನಿ."